ನಲ್ಲಿಯ ಸದ್ದಿನ ಹಿಂದೆ

ನನ್ನ ಹೆಂಡತಿ ತೀರಿಕೊಂಡ ಮೇಲೆ ಹತ್ತಿರ ಹತ್ತಿರ ಎಂಟು ತಿಂಗಳ ಕಾಲ ನಮ್ಮ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಎರಡು ಸದ್ದುಗಳು ಒಂದರ ಹಿಂದೊಂದು ಏಳುತ್ತಿದ್ದವು. ಒಂದು, ಬಚ್ಚಲುಮನೆಯ ನಲ್ಲಿಯಿಂದ ಬಕೆಟ್ಟಿಗೆ ಬೀಳುವ ನೀರಿನದು. ಇನ್ನೊಂದು, ಮಗಳ ಕೋಣೆಯ ಮುಚ್ಚಿದ ಬಾಗಿಲಿನಾಚೆಯ ಹಾಡಿನದು. ನೀರಿನ ಸದ್ದು ನನ್ನದು. ದಿನವಿಡೀ ತಡೆದುಕೊಂಡದ್ದನ್ನು ಹೊರಗೆ ಬಿಡಲು ನನಗೆ ಸಿಕ್ಕಿದ್ದ ಜಾಗ ಅದೊಂದೇ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಗೋಡೆಗೆ ಹಣೆಯನ್ನು ಆನಿಸಿ, ಹತ್ತು ಹದಿನೈದು ನಿಮಿಷ ಅತ್ತು, ಮುಖ ತೊಳೆದು ಹೊರಗೆ ಬರುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗಿ ತಾಯಿಯನ್ನು ಕಳೆದುಕೊಂಡದ್ದೇ ಸಾಕು, ತಂದೆ ಕುಸಿಯುವುದನ್ನೂ ಅವಳು ನೋಡುವಂತಾಗಬಾರದು ಎಂದು ನಾನು ಎಣಿಸಿದ್ದೆ. ನೀರಿನ ಸದ್ದು ಎಲ್ಲವನ್ನೂ ಮುಚ್ಚುತ್ತದೆ ಎಂದು ನಂಬಿದ್ದೆ.

ಹಾಡಿನ ಸದ್ದು ನನ್ನನ್ನು ಕೆರಳಿಸುತ್ತಿತ್ತು. ಅಮ್ಮ ಇಲ್ಲದ ಮನೆಯಲ್ಲಿ ಅಷ್ಟು ಜೋರಾಗಿ ಹಾಡು ಕೇಳಲು ಇವಳಿಗೆ ಹೇಗೆ ಮನಸ್ಸು ಬರುತ್ತದೆ ಎಂದು ಕೆಂಪಗಿನ ಕಣ್ಣುಗಳೊಂದಿಗೆ ಬಚ್ಚಲಿನಿಂದ ಹೊರಬರುವಾಗಲೆಲ್ಲ ಅನ್ನಿಸುತ್ತಿತ್ತು. ಐದನೆಯ ತಿಂಗಳಿನಲ್ಲಿ ಒಂದು ರಾತ್ರಿ ಅವಳ ಬಾಗಿಲನ್ನು ಬಡಿದು, ಈಗ ನೆನೆದರೆ ಎದೆ ಹಿಂಡುವಂಥ ಮಾತನ್ನು ಆಡಿಬಿಟ್ಟೆ. "ಅಮ್ಮ ಹೋಗಿ ಆರು ತಿಂಗಳೂ ಆಗಿಲ್ಲ. ನಿನಗೆ ಹಾಡು ಬೇಕಾ?" ಅವಳು ಬಾಗಿಲು ತೆರೆಯಲಿಲ್ಲ, ಎದುರು ಮಾತಾಡಲೂ ಇಲ್ಲ. ಹಾಡಿನ ದನಿ ತಗ್ಗಿತು. ಮಾರನೆಯ ರಾತ್ರಿ ನಾನು ನಲ್ಲಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಜೋರಾಯಿತು. ಹಟಮಾರಿ ಹುಡುಗಿ ಎಂದುಕೊಂಡೆ.

ಎಂಟನೆಯ ತಿಂಗಳಿನ ಒಂದು ರಾತ್ರಿ, ನಾನು ಅಳುತ್ತಿದ್ದಾಗಲೇ ತೊಟ್ಟಿಯ ನೀರು ಮುಗಿದು ನಲ್ಲಿ ನಿಂತುಹೋಯಿತು. ಎರಡು ಸಲ ಗೊರಗೊರ ಎಂದು ಗಾಳಿ ಬಂತು, ಆಮೇಲೆ ಏನೂ ಇಲ್ಲ. ಆ ನಿಶ್ಶಬ್ದದಲ್ಲಿ ನನ್ನ ಬಿಕ್ಕಳಿಕೆ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ತಡೆದುಕೊಳ್ಳಲು ಬಾಯಿಗೆ ಕೈ ಒತ್ತಿಕೊಂಡೆ, ಆಗಲಿಲ್ಲ. ಅಷ್ಟರಲ್ಲಿ, ಎರಡೇ ಎರಡು ಕ್ಷಣಗಳ ಅಂತರದಲ್ಲಿ, ಮಗಳ ಕೋಣೆಯ ಹಾಡು ಇದ್ದಕ್ಕಿದ್ದಂತೆ ಏರಿತು. ಅದುವರೆಗೆ ಎಂದೂ ಏರದಷ್ಟು ಏರಿತು. ಕಿಟಕಿಯ ಗಾಜು ಅದುರುತ್ತಿತ್ತು. ನನ್ನ ಅಳು ಅಲ್ಲಿಗೇ ನಿಂತಿತು. ಅದು ನನಗಾಗಿ ಏರಿದ ಹಾಡು ಎಂದು ಅರ್ಥವಾಗಲು ನನಗೆ ಎಂಟು ತಿಂಗಳು ಹಿಡಿದಿತ್ತು.

ನಾನು ಹೋಗಿ ಬಾಗಿಲು ತಟ್ಟಿದೆ. ಈ ಸಲ ತೆರೆದಳು. ಅವಳ ಕಣ್ಣುಗಳೂ ನನ್ನ ಕಣ್ಣುಗಳ ಹಾಗೆಯೇ ಇದ್ದವು. "ನೀನು ಅಳೋದು ಮೊದಲ ದಿನದಿಂದಲೂ ಕೇಳಿಸ್ತಿತ್ತಪ್ಪ. ನಂಗೆ ಕೇಳಿಸ್ತಿದೆ ಅಂತ ನಿಂಗೆ ಗೊತ್ತಾದ್ರೆ ನೀನು ಅಳೋದನ್ನೇ ಬಿಟ್ಬಿಡ್ತೀಯ ಅಂತ ಜೋರು ಮಾಡ್ತಿದ್ದೆ," ಎಂದಳು. ಮತ್ತೆ ಸ್ವಲ್ಪ ತಡೆದು, "ನಾನೂ ಆಗ್ಲೇ ಅತ್ಕೊಳ್ತಿದ್ದೆ. ಒಂದೇ ಟೈಮಲ್ಲಿ ಆಗಿಹೋಗ್ಲಿ ಅಂತ," ಎಂದಳು.

ಇಬ್ಬರಿಗೂ ವಹಿಸಿದ ಒಂದೇ ಕೆಲಸ

ಆ ರಾತ್ರಿಯ ನಂತರ ನಾನು ಬಹಳ ದಿನ ಯೋಚಿಸಿದ್ದು, ನಾವಿಬ್ಬರೂ ಈ ಬಚ್ಚಿಡುವ ವಿದ್ಯೆಯನ್ನು ಎಲ್ಲಿಂದ ಕಲಿತೆವು ಎಂಬುದನ್ನು. ಸಾವಿನ ಮನೆಗೆ ಬಂದವರೆಲ್ಲರೂ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು, "ನೀನು ಗಟ್ಟಿಯಾಗಿರಬೇಕು, ಮಗಳಿಗೆ ಈಗ ನೀನೇ ದಿಕ್ಕು" ಎಂದು. ಅದೇ ಜನ ಒಳಗೆ ಹೋಗಿ ಮಗಳ ತಲೆ ಸವರಿ ಏನು ಹೇಳಿದರೆಂಬುದು ನನಗೆ ಗೊತ್ತಾದದ್ದು ತುಂಬ ತಡವಾಗಿ: "ಅಪ್ಪನನ್ನು ಇನ್ನು ಮೇಲೆ ನೀನೇ ನೋಡಿಕೊಳ್ಳಬೇಕಮ್ಮ. ನೀನು ಅತ್ತರೆ ಅವರು ಕುಸಿದುಹೋಗುತ್ತಾರೆ." ಒಬ್ಬರಿಗೊಬ್ಬರು ಕಾವಲು ನಿಲ್ಲುವ ಕೆಲಸವನ್ನು ಇಬ್ಬರಿಗೂ ಗುಟ್ಟಾಗಿ ವಹಿಸಿ ಅವರೆಲ್ಲ ಹೊರಟುಹೋದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹದಿನಾಲ್ಕು ವರ್ಷದ ಮಗುವಿಗೆ ಹೇಳಬಾರದ ಮಾತು ಅದು ಎಂದು ನಾನು ಈಗ ಖಚಿತವಾಗಿ ನಂಬುತ್ತೇನೆ. ತಾಯಿಯನ್ನು ಕಳೆದುಕೊಂಡ ವಾರದಲ್ಲಿಯೇ ಒಬ್ಬ ಹುಡುಗಿಗೆ ನಲವತ್ತೇಳು ವರ್ಷದ ಗಂಡಸಿನ ತಾಯಿಯಾಗು ಎಂದು ಹೇಳಿದಂತೆ ಅದು. ಮಗಳೇ ಆದ್ದರಿಂದ ಅವಳಿಗೆ ಹೇಳಿದರು. ಮಗನಾಗಿದ್ದರೆ ಬಹುಶಃ ಅವನಿಗೂ ಗಟ್ಟಿಯಾಗಿರು ಎಂದಷ್ಟೇ ಹೇಳುತ್ತಿದ್ದರು.

ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕುರಿತು ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದಿದೆ. 70 ಕುಟುಂಬಗಳ, 6ರಿಂದ 17 ವರ್ಷ ವಯಸ್ಸಿನ 125 ಮಕ್ಕಳನ್ನು ಅವರು ಎರಡು ವರ್ಷಗಳ ಕಾಲ ಹಿಂಬಾಲಿಸಿದ್ದರು. ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಉಳಿದ ಪಾಲಕರು ಹೇಗಿದ್ದಾರೆ ಎಂಬುದನ್ನು ಅವಲಂಬಿಸಿರುತ್ತದೆ ಎಂದು ಅದರಲ್ಲಿ ಕಂಡುಬಂತು. ಇದನ್ನು ಮೊದಲು ಓದಿದಾಗ ನಾನು ಅದನ್ನು ಬಂದವರ ಮಾತಿನಂತೆಯೇ ಅರ್ಥ ಮಾಡಿಕೊಂಡೆ. ಅಂದರೆ, ನಾನು ಅಳಬಾರದು. ಮತ್ತೆ ಮತ್ತೆ ಓದಿದ ಮೇಲೆ ಹೊಳೆದದ್ದು ಬೇರೆ. ಮಗುವಿಗೆ ಬೇಕಾದದ್ದು ಕೆಲಸ ಮಾಡುವ ತಂದೆ: ಸಮಯಕ್ಕೆ ಏಳುವ, ಮನೆ ನಡೆಸುವ, ಕೇಳಿದ್ದಕ್ಕೆ ಉತ್ತರ ಕೊಡುವ, ಕೋಪ ಬಂದಾಗ ಕ್ಷಮೆ ಕೇಳುವ ತಂದೆ. ಅಂಥವನ ಕಣ್ಣಲ್ಲಿ ನೀರು ಬಂದರೆ ಅವನ ಕೆಲಸಕ್ಕೇನೂ ಅಡ್ಡಿಯಿಲ್ಲ. ನಾನಾದರೋ ಅಳುವನ್ನು ಅಡಗಿಸುವುದರಲ್ಲೇ ಶಕ್ತಿಯನ್ನೆಲ್ಲ ಸುರಿದು, ಅವಳು ಏನಾದರೂ ಕೇಳಿದರೆ ಉತ್ತರಿಸುವ ತ್ರಾಣವಿಲ್ಲದೆ "ಆಮೇಲೆ ನೋಡೋಣ" ಎನ್ನುತ್ತಿದ್ದೆ.

ಇನ್ನೊಂದು ಸಂಗತಿಯೂ ಇತ್ತು. ನನಗೂ ಮಗಳಿಗೂ ನಡುವಿನ ಮಾತುಕತೆಯಲ್ಲಿ ಹೆಚ್ಚಿನ ಪಾಲು ನನ್ನ ಹೆಂಡತಿಯ ಮೂಲಕವೇ ನಡೆಯುತ್ತಿತ್ತು ಎಂಬುದು ಅವಳು ಇಲ್ಲವಾದ ಮೇಲೆಯೇ ನನಗೆ ಗೊತ್ತಾದದ್ದು. "ಅವಳಿಗೆ ಇವತ್ತು ಗೆಳತಿಯ ಜೊತೆ ಜಗಳವಾಗಿದೆ, ಏನೂ ಕೇಳಲು ಹೋಗಬೇಡಿ," "ಅಪ್ಪನಿಗೆ ಆಫೀಸಿನಲ್ಲಿ ಏನೋ ತಲೆಬಿಸಿ, ಆ ವಿಷಯ ನಾಳೆ ಎತ್ತು" ಎಂದು ಇಬ್ಬರನ್ನೂ ಇಬ್ಬರಿಗೂ ಅರ್ಥ ಮಾಡಿಸುತ್ತಿದ್ದವಳು ಅವಳು. ಅವಳು ಹೋದ ಮೇಲೆ ಉಳಿದದ್ದು ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುವ ಇಬ್ಬರು. ಮಗಳಿಗೆ ತಿಂಗಳು ತಿಂಗಳು ಬೇಕಾಗುವ ಪ್ಯಾಡುಗಳನ್ನು ಮೊದಮೊದಲು ನಾನು ತಂದು, ಒಂದು ಮಾತೂ ಆಡದೆ ಅವಳ ಕಪಾಟಿನ ಮೂಲೆಯಲ್ಲಿ ಇಟ್ಟು ಬರುತ್ತಿದ್ದೆ. ಅದು ಸೂಕ್ಷ್ಮತೆ ಎಂದು ನಾನು ತಿಳಿದಿದ್ದೆ. ಹೊಟ್ಟೆನೋವಿನಿಂದ ಅವಳು ಒಂದು ದಿನ ಹಾಸಿಗೆಯಿಂದ ಏಳದೇ ಇದ್ದಾಗ, ಏನಾಗಿದೆ ಎಂದು ಹೆಸರಿಟ್ಟು ಕೇಳಲು ನನಗೆ ಬಾಯಿ ಬರಲಿಲ್ಲ. ಹೇಳಲು ಅವಳಿಗೂ ಬರಲಿಲ್ಲ. ನಮ್ಮ ದುಃಖದ ಒಂದು ಭಾಗ ಇಂಥ ಚಿಕ್ಕ ಚಿಕ್ಕ ತೊಡಕುಗಳ ಒಳಗೇ ಇತ್ತು.

ಅವಳ ನಗು, ನನ್ನ ಅಳತೆ

ನನ್ನ ಹೆಂಡತಿ ಹೋದ ನಾಲ್ಕನೆಯ ದಿನ ಮಗಳು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತ ಗಟ್ಟಿಯಾಗಿ ನಕ್ಕದ್ದು ನನಗೆ ಬಹಳ ಕಾಲ ಮುಳ್ಳಿನಂತೆ ಚುಚ್ಚುತ್ತಿತ್ತು. ಅದರ ನಂತರ ಅವಳನ್ನು ನಾನು ಗುಟ್ಟಾಗಿ ಅಳೆಯತೊಡಗಿದೆ. ದುಃಖಕ್ಕೆ ಐದು ಹಂತಗಳಿವೆ, ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವಿಕೆಯಲ್ಲಿ ಮುಗಿಯುತ್ತದೆ ಎಂಬುದು ನಾವೆಲ್ಲ ಎಲ್ಲೋ ಕೇಳಿ ತಲೆಯಲ್ಲಿ ಇಟ್ಟುಕೊಂಡಿರುವ ವಿಷಯ. ನಗುವ ಇವಳು ಇನ್ನೂ ಮೊದಲನೆಯ ಹಂತದಲ್ಲಿದ್ದಾಳೆ, ನಾನು ನಾಲ್ಕನೆಯದಾದ ಖಿನ್ನತೆಯಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತಿದ್ದೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳೊಡನೆ ಮಾತಾಡಿ, ಅವರು ತಮ್ಮ ಸಾವನ್ನು ಹೇಗೆ ಎದುರಿಸುತ್ತಾರೆ ಎಂಬುದನ್ನು ಕಂಡು. ಹಿಂದೆ ಉಳಿದವರನ್ನು ಅಳೆಯುವ ಕೋಲಾಗಿ ಅದು ಹುಟ್ಟಲಿಲ್ಲ. ಇದು ಮೊದಲೇ ತಿಳಿದಿದ್ದರೆ ಆ ಕೋಲನ್ನು ಹಿಡಿದು ಮಗಳ ಕೋಣೆಯ ಮುಂದೆ ಅಷ್ಟು ದಿನ ನಿಲ್ಲುತ್ತಿರಲಿಲ್ಲವೇನೋ.

ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಹತ್ತಿರವಾದ ವಿವರಣೆ ನನಗೆ ಸಿಕ್ಕಿದ್ದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಮಂಡಿಸಿದ ಚಿಂತನೆಯಲ್ಲಿ. ಅಗಲಿಕೆಯಲ್ಲಿರುವ ಮನಸ್ಸು ಎರಡು ದಡಗಳ ನಡುವೆ ಓಲಾಡುತ್ತಿರುತ್ತದೆ ಎನ್ನುತ್ತಾರೆ ಅವರು. ಒಂದು ಹೊತ್ತು ಹೋದವರ ಕಡೆ, ನೆನಪಿನ ಕಡೆ, ಅಳುವಿನ ಕಡೆ. ಇನ್ನೊಂದು ಹೊತ್ತು ಬದಲಾದ ಬದುಕಿನ ಕಡೆ, ಹೊಸ ಹೊಣೆಗಳ ಕಡೆ, ದುಃಖದಿಂದ ಸ್ವಲ್ಪ ಬಿಡುವಿನ ಕಡೆ. ಈ ಓಲಾಟವೇ ಗುಣವಾಗುವ ಬಗೆ. ನನ್ನ ಓಲಾಟ ನಿಧಾನದ್ದು; ಹಗಲೆಲ್ಲ ಒಂದು ದಡ, ರಾತ್ರಿ ಇನ್ನೊಂದು. ಮಗಳದು ಅರ್ಧ ಗಂಟೆಗೊಮ್ಮೆ ಆಚೆ ಈಚೆ ಹಾರುವಂಥದ್ದು. ಅವಳು ನಗುವಾಗ ನಾನು ನೋಡುತ್ತಿದ್ದೆ, ಅವಳು ಮುದುಡಿಕೊಳ್ಳುವಾಗ ನಾನು ಆಫೀಸಿನಲ್ಲಿರುತ್ತಿದ್ದೆ. ಹಾಗೆಯೇ ನಾನು ಫೈಲುಗಳನ್ನು ಜೋಡಿಸುತ್ತ, ಬ್ಯಾಂಕಿನ ಅರ್ಜಿಗಳಲ್ಲಿ ಹೆಂಡತಿಯ ಹೆಸರು ತೆಗೆಸುತ್ತ ಓಡಾಡುವುದನ್ನು ನೋಡಿ, ಅಪ್ಪ ಇಷ್ಟು ಬೇಗ ಎಲ್ಲವನ್ನೂ ಮುಗಿಸಿಬಿಟ್ಟ ಎಂದು ಅವಳೂ ಅಂದುಕೊಳ್ಳುತ್ತಿದ್ದಳಂತೆ, ರಾತ್ರಿಯ ನಲ್ಲಿಯ ಸದ್ದು ಕೇಳಿಸದೇ ಇದ್ದಿದ್ದರೆ.

ಆ ವಯಸ್ಸಿನ ಕಷ್ಟವನ್ನೂ ನಾನು ಸರಿಯಾಗಿ ಎಣಿಸಿರಲಿಲ್ಲ. ಸಾವೆಂದರೆ ಮರಳಿ ಬಾರದಿರುವುದು ಎಂಬುದು ಹದಿಹರೆಯದವರಿಗೆ ದೊಡ್ಡವರಷ್ಟೇ ಚೆನ್ನಾಗಿ ಗೊತ್ತು. ಅದನ್ನು ತಾಳಿಕೊಂಡ ಅನುಭವ ಮಾತ್ರ ಇರುವುದಿಲ್ಲ. ಅದರ ಜೊತೆಗೆ, ಹೆತ್ತವರಿಂದ ಸ್ವಲ್ಪ ಸ್ವಲ್ಪವಾಗಿ ದೂರ ಸರಿದು ತನ್ನದೇ ಒಂದು ಜಾಗ ಮಾಡಿಕೊಳ್ಳುವ ವಯಸ್ಸು ಅದು. ತಾಯಿ ಬದುಕಿದ್ದಾಗ ಬಾಗಿಲು ಮುಚ್ಚಿಕೊಂಡು ಕೂತವಳಿಗೆ, ತಾಯಿ ಹೋದ ಮೇಲೆ ಆ ಮುಚ್ಚಿದ ಬಾಗಿಲುಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. "ಕೊನೇ ವರ್ಷ ನಾನು ಅಮ್ಮನ ಹತ್ರ ಎಷ್ಟು ರೇಗಾಡಿದೀನಿ ಗೊತ್ತಾ" ಎಂದು ಅವಳು ಒಮ್ಮೆ ಹೇಳಿದಳು. ಎಲ್ಲ ಮಕ್ಕಳೂ ಹಾಗೆಯೇ, ಅಮ್ಮ ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ ಎಂದು ತಕ್ಷಣ ಸಮಾಧಾನ ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ಸಮಾಧಾನವಾಗಿರಲಿಲ್ಲ. ಆ ರೇಗಾಟಗಳನ್ನು ಒಂದೊಂದಾಗಿ ಹೇಳಿಕೊಳ್ಳುವ ಅವಕಾಶ ಬೇಕಿತ್ತು. ನನ್ನ ಅವಸರದ ಸಮಾಧಾನ ಅದನ್ನು ಮುಚ್ಚಿತು.

(ವೈದ್ಯರ ನೆರವನ್ನು ನಾನು ಕಡೆಗಣಿಸುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಈಗಿನ ಆವೃತ್ತಿಯಲ್ಲಿ ದೀರ್ಘಕಾಲ ಉಳಿಯುವ, ಬದುಕನ್ನೇ ಕಟ್ಟಿಹಾಕುವ ಶೋಕಕ್ಕೆ ಪ್ರತ್ಯೇಕ ಹೆಸರಿದೆ. ಕನಿಷ್ಠ ಆರು ತಿಂಗಳು ಕಳೆಯದೆ ಆ ಹೆಸರನ್ನು ಬಳಸುವಂತಿಲ್ಲ. ಒಂಬತ್ತನೆಯ ತಿಂಗಳಿನಲ್ಲಿ ನಾವಿಬ್ಬರೂ ಆಪ್ತ ಸಮಾಲೋಚಕರೊಬ್ಬರ ಬಳಿಗೆ ಹೋದೆವು. ಅವರು ನಮ್ಮಿಬ್ಬರಿಗೂ ಯಾವ ಹೆಸರನ್ನೂ ಹಚ್ಚಲಿಲ್ಲ. ಒಬ್ಬರ ಮುಂದೆ ಒಬ್ಬರು ಸುಮ್ಮನೆ ಕೂರಲು ನಾಲ್ಕು ಸಲ ಜಾಗ ಮಾಡಿಕೊಟ್ಟರು. ಮೊದಲೇ ಹೋಗಬೇಕಿತ್ತು.)

ಹೇಳದೆ ಉಳಿದ ಹತ್ತೊಂಬತ್ತು ದಿನ

ನಲ್ಲಿಯ ಕಥೆ ತಿಳಿಯಾದ ಮೇಲೆ ನಮ್ಮ ನಡುವೆ ಬಚ್ಚಿಟ್ಟದ್ದು ಇನ್ನೇನೂ ಇಲ್ಲ ಎಂದು ಮಗಳು ನಂಬಿದ್ದಳು. ನನಗೆ ಮಾತ್ರ ಇದೆ ಎಂದು ಗೊತ್ತಿತ್ತು.

ವರ್ಷ ತುಂಬಿದ ಮೇಲೆ ಒಂದು ದಿನ ಅವಳು ತನ್ನ ಅಂಕಪಟ್ಟಿಯನ್ನು ಹುಡುಕುತ್ತ, ಅಮ್ಮನ ಚಿಕಿತ್ಸೆಯ ಕಾಗದಗಳಿದ್ದ ಫೈಲನ್ನು ತೆರೆದಳು. ಇನ್ನು ಮುಂದಿನ ಔಷಧ ನೋವು ತಗ್ಗಿಸುವುದಕ್ಕೆ ಮಾತ್ರ ಎಂದು ವೈದ್ಯರು ಬರೆದಿದ್ದ ಹಾಳೆ ಅದರಲ್ಲಿತ್ತು, ಮೇಲೆ ತಾರೀಖು ಇತ್ತು. ಆ ತಾರೀಖಿನಿಂದ ಅಮ್ಮ ಹೋದ ದಿನದವರೆಗೆ ಅವಳು ಎಣಿಸಿದಳು. ಹತ್ತೊಂಬತ್ತು ದಿನ. ಹಾಳೆಯನ್ನು ನನ್ನ ಮುಂದೆ ಹಿಡಿದು, "ಈ ತಾರೀಖಿಗೇ ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. ಹೌದು ಎಂದೆ. "ಆ ಹತ್ತೊಂಬತ್ತು ದಿನ ನಾನು ಪುಸ್ತಕ ಹಿಡ್ಕೊಂಡು ಕೂತಿದ್ದೆ. ಹುಷಾರಾಗ್ತಾಳೆ ಅಂತ ನೀನು ಹೇಳ್ದೆ. ನಾನು ನಂಬ್ದೆ." ಅವಳು ಕಿರುಚಲಿಲ್ಲ; ಕಿರುಚಿದ್ದರೆ ಚೆನ್ನಾಗಿರುತ್ತಿತ್ತು. ನಾನು ತಪ್ಪಾಯಿತು ಎಂದೆ. ಅದು ನಿಜವಾದ ಕ್ಷಮೆಯಾಚನೆಯೇ. ಆದರೆ ಅದರಲ್ಲಿ ಅರ್ಧ ಸಂಗತಿ ಮಾತ್ರ ಇತ್ತು.

ಉಳಿದ ಅರ್ಧ ಇದು. ಆ ದಿನ ನಾನು ವೈದ್ಯರ ಕೋಣೆಯಿಂದ ಹೊರಗೆ ಬಂದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಹೇಳುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಮನೆಗೆ ಬಂದ ಮೇಲೆ ಮಗಳ ಪರೀಕ್ಷೆಯ ವೇಳಾಪಟ್ಟಿಯನ್ನು ತರಿಸಿಕೊಂಡು, ಬಹಳ ಹೊತ್ತು ನೋಡಿ, "ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ನೀವೇನೂ ಹೇಳ್ಬೇಡಿ," ಎಂದಳು. ಅವಳಿಗೆ ತಿಳಿಸದಿರುವುದು ಸರಿಯೇ ಎಂದು ನಾನು ಕೇಳಿದ್ದಕ್ಕೆ ಕೊಟ್ಟ ಉತ್ತರ ಪರೀಕ್ಷೆಗೆ ಸಂಬಂಧಿಸಿದ್ದಾಗಿರಲಿಲ್ಲ. "ಇನ್ನೊಂದಷ್ಟು ದಿನ ಅವಳು ನನ್ನನ್ನ ಸಾಯೋರನ್ನ ನೋಡೋ ಹಾಗೆ ನೋಡ್ಬಾರ್ದು. ಅಷ್ಟೇ." ಆ ದಿನಗಳಲ್ಲಿ ಮಗಳು ಸಂಜೆ ಪುಸ್ತಕ ತಂದು ಅಮ್ಮನ ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದಳು, ಅಮ್ಮ ಪ್ರಶ್ನೆ ಕೇಳುತ್ತಿದ್ದಳು, ತಪ್ಪು ಉತ್ತರಕ್ಕೆ ಬೈಯುತ್ತಿದ್ದಳು, ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. ನನ್ನ ಹೆಂಡತಿ ಬಯಸಿದ್ದ ಸಂಜೆಗಳು ಅವೇ. ಕೊನೆಯವು ಎಂದು ಗೊತ್ತಿರದ ಸಂಜೆಗಳು. ಇನ್ನೆರಡು ಪರೀಕ್ಷೆಗಳು ಉಳಿದಿದ್ದಾಗ ಅವಳಿಗೆ ಎಚ್ಚರ ತಪ್ಪಿತು. ಹೇಳುತ್ತೇನೆ ಎಂದಿದ್ದನ್ನು ಹೇಳಲು ಆಗಲಿಲ್ಲ.

ತಾಯಿಗೆ ಸಿಕ್ಕಿದ್ದು ಮಗಳಿಂದ ಕಿತ್ತುಕೊಂಡದ್ದೂ ಹೌದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಇವತ್ತಿಗೂ ಸಾಧ್ಯವಾಗಿಲ್ಲ. ಇಂಥ ಸ್ಥಿತಿಯಲ್ಲಿರುವ ಬೇರೆ ತಂದೆ ಯಾರಾದರೂ ಕೇಳಿದರೆ, ಮಗುವಿಗೆ ಹೇಳಿ, ಅದಕ್ಕೆ ತಡೆದುಕೊಳ್ಳುವ ಶಕ್ತಿಯಿದೆ ಎಂದೇ ಹೇಳುತ್ತೇನೆ. ಆದರೆ ಆ ಹಾಸಿಗೆಯ ಪಕ್ಕದಲ್ಲಿ ನಿಂತು ಅವಳ ಮಾತನ್ನು ಮೀರಲು ನನ್ನಿಂದ ಆಗುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಬರುವುದಿಲ್ಲ.

ಮಗಳ ಸಿಟ್ಟನ್ನು ನಾನು ತಿಂಗಳುಗಟ್ಟಲೆ ಒಬ್ಬನೇ ಹೊತ್ತುಕೊಂಡೆ. ಅವಳ ಮನಸ್ಸಿನಲ್ಲಿ ಅಮ್ಮನ ಮೇಲೆ ಒಂದು ಗೀರೂ ಬೀಳಬಾರದು, ಹೋದವಳು ತನ್ನ ಪರವಾಗಿ ಮಾತಾಡಲಾರಳು, ಇರುವ ನಾನು ಬೈಸಿಕೊಳ್ಳಬಲ್ಲೆ ಎಂದು. ಇದನ್ನು ತ್ಯಾಗವೆಂದೇ ಭಾವಿಸಿದ್ದೆ. ಕಳೆದ ತಿಂಗಳು ಬಚ್ಚಲಿನಲ್ಲಿ ನಲ್ಲಿ ತಿರುಗಿಸುವಾಗ, ಯಾವ ಕಾರಣವೂ ಇಲ್ಲದೆ, ಇದೂ ಅದೇ ನೀರಿನ ಸದ್ದು ಎನ್ನಿಸಿತು. ಅಂದು ಸಂಜೆಯೇ ಹೇಳಿದೆ.

ಅವಳು ಸುಮ್ಮನೆ ಕೇಳಿದಳು. "ನೀನಲ್ಲ, ಅಮ್ಮಾನಾ?" ಎಂದಳು. ಎದ್ದು ಹೋಗಿ ಗೋಡೆಯ ಮೇಲಿದ್ದ ಅಮ್ಮನ ಫೋಟೋದ ಮುಂದೆ ನಿಂತು, ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತವಳಂತೆ, "ಎಷ್ಟು ಹಟ ನಿಂದು. ನಂಗೆ ಹೇಳೋಕೆ ಏನಾಗಿತ್ತು ನಿಂಗೆ," ಎಂದಳು. ಎರಡು ವರ್ಷಗಳಲ್ಲಿ ಅವಳು ಅಮ್ಮನನ್ನು "ನೀನು" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅಮ್ಮ "ಇದ್ದಳು," "ಹೇಳುತ್ತಿದ್ದಳು," "ಮಾಡುತ್ತಿದ್ದಳು." ಎದುರಿಗೆ ಇಲ್ಲದವಳ ಬಗ್ಗೆ ಆಡುವ ಮಾತು ಅದು. ಆ ಸಂಜೆ ಅವಳು ಅಮ್ಮನ ಜೊತೆ ಜಗಳವಾಡಿದಳು, ಬದುಕಿದ್ದಾಗ ಆಡುತ್ತಿದ್ದ ಹಾಗೆಯೇ. ಹೋದವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು 1917ರಲ್ಲಿ ಫ್ರಾಯ್ಡ್ ಬರೆದಿದ್ದರು. ಆ ನಂಬಿಕೆ ಬಹಳ ಕಾಲ ಬಾಳಿತು. ಬಿಡಿಸಿಕೊಳ್ಳಬೇಕಾಗಿಲ್ಲ, ನಂಟು ರೂಪ ಬದಲಿಸಿ ಮುಂದುವರಿಯುತ್ತದೆ ಎಂದು ಡೆನಿಸ್ ಕ್ಲಾಸ್, ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ 1996ರಲ್ಲಿ ವಾದಿಸಿದರು. ನಂಟು ಎಂದರೆ ಪ್ರೀತಿ, ನೆನಪು ಎಂದಷ್ಟೇ ನಾನು ಅಂದುಕೊಂಡಿದ್ದೆ. ಅದರಲ್ಲಿ ಸಿಟ್ಟಿಗೂ ಜಾಗವಿದೆ ಎಂಬುದು ಗೋಡೆಯ ಮುಂದೆ ನಿಂತ ಆ ಹುಡುಗಿಯನ್ನು ನೋಡಿದಾಗ ನನಗೆ ತಿಳಿಯಿತು. ಅಮ್ಮನನ್ನು ಒಂದು ಗೀರೂ ಇಲ್ಲದಂತೆ ಕಾಪಾಡಲು ಹೋಗಿ, ಅವಳನ್ನು ಮಗಳ ಕೈಗೆ ಸಿಗದಷ್ಟು ದೂರ ಇಟ್ಟಿದ್ದೆ.

ಆ ರಾತ್ರಿ ಹತ್ತು ಗಂಟೆಗೆ ಅವಳ ಕೋಣೆಯಲ್ಲಿ ಹಾಡು ಶುರುವಾಯಿತು, ಸಣ್ಣ ದನಿಯಲ್ಲಿ. ನಾನು ಬಚ್ಚಲಿಗೆ ಹೋಗದೆ ನಡುಮನೆಯಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಹಾಡು ನಿಂತು ಅವಳು ಹೊರಗೆ ಬಂದಳು. ನನ್ನ ಮುಖವನ್ನು ನೋಡಿದಳು, ನಾನು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, "ಅಪ್ಪ, ಅದನ್ನ ಹೇಳುವಾಗ ಅಮ್ಮ ಅಳ್ತಿದ್ಲಾ?" ಎಂದು ಕೇಳಿದಳು.

"ಇಲ್ಲ ಪುಟ್ಟಿ. ನಿನ್ನ ಟೈಮ್‌ಟೇಬಲ್ ಕೈಯಲ್ಲಿತ್ತು. ಪೆನ್ಸಿಲ್ ಹಿಡ್ಕೊಂಡು ಎಣಿಸ್ತಿದ್ಲು."

ಅವಳು ಎದ್ದು ಹೋದಳು. ಕಪಾಟಿನಲ್ಲಿ ಏನೋ ತಡಕಾಡುವ ಸದ್ದು ಕೇಳಿಸಿತು. ಆ ವರ್ಷದ ಒಂದು ಪುಸ್ತಕದೊಳಗೆ ಮಡಿಸಿಟ್ಟಿದ್ದ ವೇಳಾಪಟ್ಟಿಯನ್ನು ತಂದು ದೀಪದ ಕೆಳಗೆ ಬಿಡಿಸಿದಳು. ಪರೀಕ್ಷೆಗಳ ಸಾಲುಗಳ ಮುಂದೆ ಪೆನ್ಸಿಲಿನ ಸಣ್ಣ ಸಣ್ಣ ಚುಕ್ಕೆಗಳಿದ್ದವು. "ಇದು ನಾನೇ ಇಟ್ಟಿದ್ದು ಅಂದ್ಕೊಂಡಿದ್ದೆ," ಎಂದಳು. ಇಬ್ಬರೂ ಬಾಗಿ, ಮೇಲಿನಿಂದ ಒಂದೊಂದೇ ಚುಕ್ಕೆಯ ಮೇಲೆ ಬೆರಳಿಡುತ್ತ ಕೆಳಗೆ ಬಂದೆವು. ಕೊನೆಯ ಎರಡು ಸಾಲುಗಳ ಮುಂದೆ ಚುಕ್ಕೆ ಇರಲಿಲ್ಲ.